ಲ್ಯಾಬ್ರಡಾರ್ ಮರಿಗೆ ಮನೆಪಾಠ: ಎಂಟು ವಾರಗಳ ತರಬೇತಿ ಹೇಗಿತ್ತು?

ಕಳೆದ ಜೂನ್ ತಿಂಗಳಲ್ಲಿ ಮೈಸೂರಿನ ನಮ್ಮ ಮನೆಗೆ ಎಂಟು ವಾರದ ಹಳದಿ ಲ್ಯಾಬ್ರಡಾರ್ ಮರಿಯೊಂದು ಬಂದಿತು. ಮೈಬಣ್ಣ ನೋಡಿ ಅಮ್ಮ ಅದಕ್ಕೆ ಬೆಲ್ಲ ಎಂದು ಹೆಸರಿಟ್ಟರು. ಮೊದಲು ವಿಚಾರಿಸಿದ ತರಬೇತುದಾರರೊಬ್ಬರು, ಲ್ಯಾಬ್‌ಗಳಿಗೆ ಆರು ತಿಂಗಳು ತುಂಬುವವರೆಗೆ ಏನನ್ನೂ ಕಲಿಸಲಾಗದು, ಆಮೇಲೆ ಚೋಕ್ ಚೈನ್ ಹಾಕಿ ಹದಿನೈದು ದಿನಗಳಲ್ಲಿ ದಾರಿಗೆ ತರುತ್ತೇನೆ ಎಂದರು. ಕುತ್ತಿಗೆ ಬಿಗಿದು ಕಲಿಸುವ ವಿದ್ಯೆ ನಮಗೆ ಬೇಡವೆನಿಸಿತು. ಆದ್ದರಿಂದ ಮರಿಗೆ ಹತ್ತನೆಯ ವಾರ ನಡೆಯುತ್ತಿದ್ದಾಗ, ಬಹುಮಾನ ಕೊಟ್ಟೇ ಕಲಿಸುತ್ತೇವೆ ಎನ್ನುವ ಇನ್ನೊಬ್ಬ ತರಬೇತುದಾರರನ್ನು ಗೊತ್ತುಮಾಡಿಕೊಂಡೆವು. ವಾರಕ್ಕೊಮ್ಮೆ ಅವರು ಮನೆಗೇ ಬಂದು ಒಂದು ಗಂಟೆ ಕಲಿಸುತ್ತಾರೆ. ಎಂಟು ಪಾಠಗಳಿಗೆ 9,600 ರೂಪಾಯಿ. ಈ ಹಣಕ್ಕೆ ನಮಗೆ ಏನು ದಕ್ಕಿತು, ಏನು ದಕ್ಕಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಅವರು ಮರಿಯನ್ನು ಮುಟ್ಟಲೇ ಇಲ್ಲ. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತರಿಸಿಕೊಂಡು, ನಮ್ಮನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಕೂರಿಸಿ, ಅದು ನೆಲಕ್ಕೆ ತಾಗಿದ ಕ್ಷಣದಲ್ಲಿ ನಾಲಿಗೆಯಿಂದ ‘ಟಕ್’ ಎಂದು ಸದ್ದು ಮಾಡಬೇಕು ಎಂದರು. ನಿಂಬೆಹಣ್ಣನ್ನು ಕೆಲವೊಮ್ಮೆ ಎತ್ತರದಿಂದ ಬಿಟ್ಟರು, ಕೆಲವೊಮ್ಮೆ ಬಿಟ್ಟಂತೆ ಮಾಡಿ ಕೈಯಲ್ಲೇ ಹಿಡಿದುಕೊಂಡರು. ನಾನು ಪ್ರತಿ ಸಲವೂ ತಡ ಮಾಡಿದೆ, ಏಳು ವರ್ಷದ ಮಗಳು ಪ್ರತಿ ಸಲವೂ ಅವಸರ ಮಾಡಿದಳು. ನಲವತ್ತು ವರ್ಷಗಳಿಂದ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತಾಳ ಹಾಕುತ್ತ ಬಂದಿರುವ ಅಮ್ಮ ಮಾತ್ರ ಒಮ್ಮೆಯೂ ತಪ್ಪಲಿಲ್ಲ. “ಅಮ್ಮಾ, ಈ ಮನೇಲಿ ನಾಯಿಗೆ ಪಾಠ ಹೇಳೋರು ನೀವೇ” ಎಂದು ತರಬೇತುದಾರರು ಅಂದೇ ತೀರ್ಮಾನ ಕೊಟ್ಟುಬಿಟ್ಟರು.

ಈ ಆಟದ ಅರ್ಥ ನನಗೆ ತಿಳಿದದ್ದು ಮರುದಿನ. ಮರಿ ಕೂತ ತಕ್ಷಣ ‘ಟಕ್’ ಎಂದು ಹೇಳಿ, ಆಮೇಲೆ ತಿನಿಸು ಕೊಟ್ಟರೆ, ಕೂತದ್ದಕ್ಕೇ ತಿನಿಸು ಸಿಕ್ಕಿತೆಂದು ಅದಕ್ಕೆ ಗೊತ್ತಾಗುತ್ತದೆ. ನಾವು ಡಬ್ಬಿಯ ಮುಚ್ಚಳ ತೆಗೆದು, ತುಣುಕು ಆರಿಸಿ, ಎರಡು ಸೆಕೆಂಡು ತಡವಾಗಿ ಕೊಟ್ಟರೆ, ಅಷ್ಟರಲ್ಲಿ ಎದ್ದು ನಿಂತಿರುವ ಮರಿ ಏಳುವುದಕ್ಕೇ ಬಹುಮಾನ ಪಡೆದಂತಾಗುತ್ತದೆ. ಪೇಟೆಯಲ್ಲಿ ಸಿಗುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನ ಮಾಡುವುದೂ ಇದೇ ಕೆಲಸವನ್ನು. ಆದರೆ ಕ್ಲಿಕ್ಕರ್ ಬೇಕಾದಾಗ ಸಿಗುವುದಿಲ್ಲ, ನಾಲಿಗೆ ಸದಾ ಬಾಯಲ್ಲೇ ಇರುತ್ತದೆ ಎಂದು ಹೇಳಿ ಅವರು ನಮ್ಮಿಂದ ಅದನ್ನು ಕೊಳ್ಳಿಸಲಿಲ್ಲ. ಹೀಗೆ ಬಹುಮಾನ ಕೊಟ್ಟು ಕಲಿಸುವುದನ್ನು ಧನಾತ್ಮಕ ಬಲವರ್ಧನೆ ಎನ್ನುತ್ತಾರೆ. ಹಾಗೆಂದರೆ ಮುದ್ದು ಮಾಡುವುದು ಎಂದು ನಾನು ತಿಳಿದಿದ್ದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಬಳಸಿದ ಅರ್ಥದಲ್ಲಿ ‘ಧನಾತ್ಮಕ’ ಎಂಬುದು ಗಣಿತದ ಕೂಡುವ ಚಿಹ್ನೆಯಂತೆ, ಅಂದರೆ ಏನನ್ನೋ ಸೇರಿಸಿ ಒಂದು ನಡತೆಯನ್ನು ಗಟ್ಟಿಗೊಳಿಸುವುದು, ಅಷ್ಟೆ.

ಎರಡನೆಯ ಪಾಠ ಪೂರ್ತಿ ನಮ್ಮ ಮಾತಿಗೇ ಮೀಸಲಾಯಿತು. ಅಪ್ಪ ‘ಸಿಟ್’ ಎನ್ನುತ್ತಿದ್ದರು, ಅಮ್ಮ ‘ಕೂತ್ಕೋ ಕಂದಾ’ ಎನ್ನುತ್ತಿದ್ದರು, ಮಗಳು ಎರಡನ್ನೂ ಸೇರಿಸಿ ಹಾಡು ಮಾಡಿಕೊಂಡಿದ್ದಳು. ಮೂವರಿಗೂ ಉತ್ತರ ಕೊಡಲಾಗದ ಬೆಲ್ಲ ಸುಮ್ಮನೆ ಬಾಲ ಆಡಿಸುತ್ತಿತ್ತು. ಮನೆಮಂದಿಯೆಲ್ಲ ಒಪ್ಪಿದ ಒಂದೊಂದೇ ಪದವನ್ನು ಚೀಟಿಯಲ್ಲಿ ಬರೆಸಿ ಫ್ರಿಜ್ ಬಾಗಿಲಿಗೆ ಅಂಟಿಸಿದರು: ಕೂರು, ಬಿಡು, ನಿಲ್ಲು. ‘ಬಾ’ ಎಂಬುದನ್ನು ಮಾತ್ರ ಪಟ್ಟಿಯಿಂದ ತೆಗೆಸಿದರು. ಅಪ್ಪ ಎರಡು ವಾರ ಬೆಲ್ಲವನ್ನು ‘ಬಾ’ ಎಂದು ಕರೆದು ಕರೆದು ಸ್ನಾನ ಮಾಡಿಸಿ, ಕಿವಿಗೆ ಔಷಧಿ ಹಾಕಿದ್ದರಿಂದ, ಆ ಪದ ಕೇಳಿದರೆ ಮರಿ ದಿವಾನದ ಅಡಿಗೆ ಸೇರಿಕೊಳ್ಳುತ್ತಿತ್ತು. ಕೆಟ್ಟುಹೋದ ಪದವನ್ನು ರಿಪೇರಿ ಮಾಡುವುದಕ್ಕಿಂತ ಹೊಸದನ್ನು ತರುವುದು ಸುಲಭ ಎಂದು ಹೇಳಿ, ‘ಇಲ್ಲಿ’ ಎಂಬ ಪದವನ್ನು ಆರಿಸಿಕೊಟ್ಟರು. ಸ್ನಾನಕ್ಕೆ ಈಗ ನಾವೇ ಎದ್ದು ಹೋಗಿ ಎತ್ತಿಕೊಂಡು ಬರುತ್ತೇವೆ. ‘ಇಲ್ಲಿ’ ಎಂದಾಗಲೆಲ್ಲ ಅದಕ್ಕೆ ಒಳ್ಳೆಯದೇ ಕಾದಿರುತ್ತದೆ.

ತಿನಿಸಿನ ವಿಷಯದಲ್ಲಿ ನಮ್ಮದು ಸಸ್ಯಾಹಾರಿ ಮನೆಯೆಂಬ ಅಳುಕಿತ್ತು. ಬೇಯಿಸಿದ ಕೋಳಿಯೇ ಆಗಬೇಕು ಎಂದು ಅವರು ಹಟ ಹಿಡಿಯಲಿಲ್ಲ. ಪನೀರ್, ಸೌತೆಕಾಯಿ, ಬೇಯಿಸಿದ ಸಿಹಿಕುಂಬಳ ಎಲ್ಲವನ್ನೂ ಕಡಲೆಕಾಳಿನಷ್ಟು ಚಿಕ್ಕದಾಗಿ ಹೆಚ್ಚಿ ಇಡಲು ಹೇಳಿದರು. ಹುಳಿಯಲ್ಲಿ ಬೆಂದ ಈರುಳ್ಳಿಯೂ ಪ್ರಸಾದದ ಕೇಸರಿಬಾತಿನ ಒಣದ್ರಾಕ್ಷಿಯೂ ನಾಯಿಗೆ ವಿಷ ಎಂಬುದನ್ನು ಅಮ್ಮನಿಗೆ ಎರಡೆರಡು ಸಲ ಹೇಳಿದರು. ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ, ಪಾಠದಲ್ಲಿ ತಿಂದಷ್ಟನ್ನು ರಾತ್ರಿಯ ಊಟದಲ್ಲಿ ಕಳೆಯಬೇಕು ಎಂಬುದು ಅವರ ಕಟ್ಟುನಿಟ್ಟಿನ ನಿಯಮ. ಇದಕ್ಕೆ ಕಾರಣವಿದೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಸುಮಾರು ಕಾಲು ಪಾಲು ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಇಲ್ಲದಿರುವುದನ್ನೂ, ಅದಕ್ಕೂ ಆ ನಾಯಿಗಳ ಹೊಟ್ಟೆಬಾಕತನ ಮತ್ತು ಬೊಜ್ಜಿಗೂ ನಂಟಿರುವುದನ್ನೂ ತೋರಿಸಿದರು. ಬೆಲ್ಲ ಆ ಕಾಲು ಪಾಲಿಗೆ ಸೇರಿದ್ದೆಂದು ಪರೀಕ್ಷೆಯಿಲ್ಲದೆಯೇ ನಾನು ನಂಬಿದ್ದೇನೆ.

ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಬಾಯಿಯ ಪಾಠ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ನೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳಿಂದ ಬಂದು, ಬ್ರಿಟನ್ನಿನಲ್ಲಿ ಬೇಟೆಗಾರರು ಹೊಡೆದ ಹಕ್ಕಿಗಳನ್ನು ಗಾಯವಾಗದಂತೆ ಕಚ್ಚಿ ತರಲೆಂದೇ ಬೆಳೆಸಿದ, 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಮಾನ್ಯತೆ ಕೊಟ್ಟ ತಳಿ ಇದು. ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಹಿಡಿದುಕೊಂಡು ತಿರುಗುವುದು ಅದರ ಕಸುಬು. ಅದನ್ನು ತಪ್ಪೆಂದು ಹೊಡೆದು ಬಿಡಿಸಹೊರಟರೆ ಬಿಡುವುದಿಲ್ಲ, ಕದ್ದು ಮಾಡುವುದನ್ನು ಕಲಿಯುತ್ತದೆ. ಬೆಲ್ಲ ಅಪ್ಪನ ಚಪ್ಪಲಿ ಕಚ್ಚಿಕೊಂಡು ಓಡಿದಾಗ ಮೂವರೂ ಬೆನ್ನಟ್ಟುತ್ತಿದ್ದೆವು, ಅದಕ್ಕೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಇರಲಿಲ್ಲ. ತರಬೇತುದಾರರು ಅಲ್ಲಾಡದೆ ಕುಳಿತು, ಒಂದು ಚೂರು ಪನೀರನ್ನು ಅದರ ಮೂಗಿನ ಬಳಿ ಹಿಡಿದರು. ಚಪ್ಪಲಿ ಬಾಯಿಂದ ಜಾರಿದ ಕ್ಷಣದಲ್ಲಿ ‘ಟಕ್’ ಎಂದರು, ಪನೀರ್ ಕೊಟ್ಟರು, ಆಮೇಲೆ ಆ ಚಪ್ಪಲಿಯನ್ನೇ ಮತ್ತೆ ಅದರ ಮುಂದೆ ಇಟ್ಟರು. ಅಪ್ಪ ಹೌಹಾರಿದರು. ಬಿಟ್ಟರೆ ಕಳೆದುಕೊಳ್ಳುತ್ತೇನೆ ಎಂಬ ಭಯ ಹೋಗುವವರೆಗೆ ಹೀಗೆ ಹಿಂದಿರುಗಿಸುತ್ತಲೇ ಇರಬೇಕಂತೆ. ಹಳೆಯ ಜೋಡಿಯೊಂದನ್ನು ಈ ಕೆಲಸಕ್ಕೆ ಬಲಿಕೊಟ್ಟೆವು. ನಾಲ್ಕನೆಯ ವಾರದ ಹೊತ್ತಿಗೆ ಬೆಲ್ಲ ಚಪ್ಪಲಿಯನ್ನು ತಾನಾಗಿಯೇ ತಂದು ಅಮ್ಮನ ಕಾಲ ಬಳಿ ಹಾಕಿ, ವ್ಯಾಪಾರ ಕುದುರಿಸಲು ಕೂರತೊಡಗಿತು. ಹಾಲುಹಲ್ಲಿನ ಕಚ್ಚಾಟ ಮಾತ್ರ ಹಲ್ಲು ಬದಲಾಗುವವರೆಗೆ, ಅಂದರೆ ಆರು ತಿಂಗಳ ಆಸುಪಾಸಿನವರೆಗೆ, ಪೂರ್ತಿ ನಿಲ್ಲಲಿಲ್ಲ. ನಿಲ್ಲುವುದಿಲ್ಲವೆಂದು ಅವರು ಮೊದಲೇ ಹೇಳಿದ್ದರು.

ಶೌಚದ ಅಭ್ಯಾಸದ ಬಗ್ಗೆ ಹೇಳಿಕೊಟ್ಟದ್ದು ಹೊಸದೇನೂ ಅಲ್ಲ: ಮಲಗಿ ಎದ್ದಾಗ, ತಿಂದಾಗ, ಆಡಿ ಮುಗಿಸಿದಾಗ ಹೊರಗೆ ಕರೆದೊಯ್ಯುವುದು. ಅದಕ್ಕಾಗಿ ಯಾರೂ ಹಣ ಕೊಡಬೇಕಾಗಿಲ್ಲ.

ಲಸಿಕೆ ಮುಗಿಯದ ಮರಿಯನ್ನು ನೆಲಕ್ಕೆ ಬಿಟ್ಟರೆ ಪಾರ್ವೋ ಎಂಬ ಮಾರಕ ವೈರಸ್ ಸೋಂಕಿನ ಭಯ. ಮನೆಯಲ್ಲೇ ಇಟ್ಟುಕೊಂಡರೆ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಲೋಕವನ್ನು ಒಪ್ಪಿಕೊಳ್ಳುವಷ್ಟು ತೆರೆದಿರುವ ಅದರ ಮನಸ್ಸು ಮುಚ್ಚಿಹೋಗುವ ಭಯ. ಇದಕ್ಕೆ ಅವರು ಕಂಡುಕೊಂಡ ದಾರಿ ಸರಳವಾಗಿತ್ತು. ಮಗಳು ಬೆಲ್ಲವನ್ನು ಎತ್ತಿಕೊಂಡು ದಿನಕ್ಕೆ ಹತ್ತು ನಿಮಿಷ ಗೇಟಿನ ಹೊರಗೆ ನಿಲ್ಲಬೇಕು. ಆಟೋ, ತಳ್ಳುಗಾಡಿ, ಹಾಲಿನ ಸ್ಕೂಟರ್ ಹಾದುಹೋದಾಗಲೆಲ್ಲ ಒಂದು ತುಣುಕು ಬಾಯಿಗಿಡಬೇಕು. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಮೆಲ್ಲಗೆ ಹಾಕಿ, ಊಟದ ಹೊತ್ತಿನಲ್ಲಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆವು. ದೀಪಾವಳಿಯ ರಾತ್ರಿ ಬೆಲ್ಲ ಎರಡು ಸಲ ತಲೆ ಎತ್ತಿ ನೋಡಿ, ಮತ್ತೆ ಮಲಗಿತು.

ಇನ್ನು ಕೊರತೆಗಳು. ಎಂಟರಲ್ಲಿ ಎರಡು ಪಾಠಗಳು ಮಳೆಯ ಕಾರಣಕ್ಕೆ ಮುಂದೂಡಲ್ಪಟ್ಟವು. ಒಂದು ಸಲ ನಾವು ಕಾದು ಕುಳಿತ ಅರ್ಧ ಗಂಟೆಯ ನಂತರ ಸಂದೇಶ ಬಂದಿತು. ಅವರೇ ಮಾರಿದ ತಿನಿಸಿನ ಸೊಂಟದ ಚೀಲದ ಜಿಪ್ ತಿಂಗಳೊಳಗೆ ಕಿತ್ತುಹೋಯಿತು, ಬದಲಿ ಕೊಡಲಿಲ್ಲ. ಇವು ಸಣ್ಣವು. ದೊಡ್ಡ ಕೊರತೆಯೆಂದರೆ, ಪಾಠವೆಲ್ಲ ನಡುಮನೆ ಮತ್ತು ಅಂಗಳದಲ್ಲೇ ಮುಗಿದುಹೋದದ್ದು. ಒಳಗೆ ಹಗ್ಗ ಸಡಿಲವಾಗಿಟ್ಟು ನಡೆಯುವ ಬೆಲ್ಲ, ತಿರುವಿನ ಬೇಕರಿಯ ಮುಂದೆ ಮಲಗಿರುವ ನಾಲ್ಕು ಬೀದಿನಾಯಿಗಳು ಎದ್ದು ನಿಂತರೆ, ಎಲ್ಲ ಪದಗಳನ್ನೂ ಮರೆತು ನನ್ನನ್ನು ಎಳೆದಾಡುತ್ತದೆ. ನಮ್ಮ ಊರುಗಳಲ್ಲಿ ನಾಯಿ ಸಾಕುವವರಿಗೆ ದಿನಕ್ಕೆರಡು ಬಾರಿ ಎದುರಾಗುವ ಸನ್ನಿವೇಶ ಇದೇ. ಇದನ್ನು ಎಂಟನೆಯ ಪಾಠದ ಕೊನೆಯ ಹತ್ತು ನಿಮಿಷಕ್ಕೆ ತಳ್ಳಿದ್ದು ಸರಿಯಲ್ಲ.

ಎರಡನೆಯ ಹಂತದ ನಾಲ್ಕು ಪಾಠಗಳಿಗೆ ಈಗ 6,000 ರೂಪಾಯಿ ಕೇಳಿದ್ದಾರೆ. ನಾಲ್ಕೂ ಪಾಠಗಳನ್ನು ಬೇಕರಿಯ ತಿರುವಿನಲ್ಲೇ ಮಾಡುವುದಾದರೆ ಸೇರುತ್ತೇವೆ ಎಂದು ಅಮ್ಮ ಹೇಳಿ ಕಳುಹಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.