ಕಾರಿಗೆ ಆನಿಂಗ್ ಹಾಕಿಸುವ ಮೊದಲು ರೂಫ್ ರೈಲ್ ಅಲ್ಲಾಡಿಸಿ ನೋಡಿ

ಕಾರಿನ ಟಾಪಿನ ಪಕ್ಕಕ್ಕೆ ಕೂರಿಸಿ, ಬೇಕಾದಾಗ ಬಿಚ್ಚಿ ನೆರಳು ಮಾಡಿಕೊಳ್ಳುವ ಆನಿಂಗ್ ಈಗ ನಮ್ಮ ಕಡೆಗೂ ಬಂದಿದೆ. ಭಾನುವಾರ ಸಾಣಾಪುರ, ಆನೆಗೊಂದಿ ಕಡೆ ಹೋದರೆ ಬೆಂಗಳೂರು, ಹೈದರಾಬಾದ್ ಗಾಡಿಗಳ ಪಕ್ಕದಲ್ಲಿ ಕಾಣಿಸುತ್ತದೆ. ನೋಡಿದವರಿಗೆ ಆಸೆಯಾಗುವುದು ಸಹಜ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮರವೇ ಇಲ್ಲದ ಬಯಲಿನಲ್ಲಿ ಊಟದ ಬುತ್ತಿ ಬಿಚ್ಚಬೇಕು ಅಂದರೆ ನೆರಳು ಬೇಕೇ ಬೇಕು. ಆದರೆ ಮಾರುವವರು ನೆರಳಿನ ಅಳತೆ ಮಾತ್ರ ಹೇಳುತ್ತಾರೆ. ಗಾಳಿ ಬಂದರೆ ಏನಾಗುತ್ತದೆ ಅನ್ನೋದನ್ನ ಯಾರೂ ಹೇಳುವುದಿಲ್ಲ. ನಮ್ಮ ಕಾರಿನ ಟಾಪು ಹಾಳಾಗಿದ್ದು ಅಲ್ಲೇ.

ನಾವಿರುವುದು ಗಂಗಾವತಿಯಲ್ಲಿ. ನಮ್ಮದು ಸಣ್ಣ ಎಸ್‌ಯುವಿ. ಆನಿಂಗ್ ತರಿಸಿದ್ದು ಆನ್‌ಲೈನ್‌ನಲ್ಲಿ. 2 ಮೀಟರ್ ಅಗಲ, 2.5 ಮೀಟರ್ ಉದ್ದ. '280 ಜಿಎಸ್‌ಎಂ ರಿಪ್‌ಸ್ಟಾಪ್ ಕ್ಯಾನ್ವಾಸ್, 3000 ಎಂಎಂ ವಾಟರ್‌ಪ್ರೂಫ್, ಎಲ್ಲಾ ಕಾರಿಗೂ ಕೂರುತ್ತದೆ' ಅಂತ ಬರೆದಿದ್ದರು. ರಿಪ್‌ಸ್ಟಾಪ್ ಅಂದರೆ ಒಂದು ಕಡೆ ಹರಿದರೂ ಹರಕು ಮುಂದೆ ಹಬ್ಬದ ಹಾಗೆ ನೇಯ್ದ ಬಟ್ಟೆ. ಉಳಿದ ನಂಬರುಗಳ ಅರ್ಥ ಆಮೇಲೆ ಹೇಳುತ್ತೇನೆ. ಫಿಟಿಂಗಿಗೆ ಬಳ್ಳಾರಿಯ ಒಂದು ಕಾರ್ ಆಕ್ಸೆಸರಿ ಅಂಗಡಿಗೆ ಹೋಗಿ ಅಂತ ಮಾರಿದವರೇ ಹೇಳಿದರು. ಇಬ್ಬರ ಹೆಸರೂ ಇಲ್ಲಿ ಬರೆಯುವುದಿಲ್ಲ. ಈ ಥರ ಕೆಲಸ ಮಾಡುವವರು ಅವರೊಬ್ಬರೇ ಏನಲ್ಲ.

ಟಾಪಿನ ಮೇಲೆ ಎರಡೂ ಅಂಚಿಗೆ ಉದ್ದಕ್ಕಿರುವ ಪಟ್ಟಿಯೇ ರೂಫ್ ರೈಲ್. ಆನಿಂಗನ್ನು ಅದಕ್ಕೆ ಹಿಡಿಸುವ ಬ್ರಾಕೆಟ್ ಬಿಗಿಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಇಷ್ಟು ತೆಳು ರೈಲ್ ಈ ಭಾರ ತಡೆಯುತ್ತಾ ಅಂತ ಕೇಳಿದೆ. "ಆನಿ ಕುಂತ್ರೂ ಏನೂ ಆಗಂಗಿಲ್ರೀ ಅಕ್ಕಾರ" ಅಂದ ಹುಡುಗ. ಅಂಗಡಿ ಮಾಲೀಕರೂ ತಲೆಯಾಡಿಸಿದರು. ಬಿಲ್ ಕೇಳಿದ್ದಕ್ಕೆ ಒಂದು ಕಚ್ಚಾ ಚೀಟಿ ಕೊಟ್ಟರು. ಅದರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಮಾಲಿನ ಹೆಸರೂ ಇಲ್ಲ. 'ಕಾರ್ ಫಿಟಿಂಗ್' ಅಂತ ಒಂದು ಸಾಲು, ಮುಂದೆ ಮೊತ್ತ.

ಹಿರೇಬೆಣಕಲ್ ಕಡೆ ನಮ್ಮ ದೊಡ್ಡಪ್ಪನವರ ಹೊಲವಿದೆ. ಏಪ್ರಿಲ್ ಕೊನೆಯಲ್ಲಿ ಅಲ್ಲಿಗೆ ಹೋಗಿ ರಾತ್ರಿ ಉಳಿಯುವ ಯೋಚನೆ. ಮಧ್ಯಾಹ್ನವೆಲ್ಲ ಒಂದು ಎಲೆ ಅಲ್ಲಾಡಲಿಲ್ಲ. ಆನಿಂಗ್ ಕೆಳಗೆ ಚಾಪೆ ಹಾಸಿ ಕೂತಿದ್ದೆವು. ಸಂಜೆ ಹೊತ್ತಿಗೆ ದೊಡ್ಡಪ್ಪ ಬದುವಿನ ಮೇಲಿಂದ ಕೂಗಿದರು: "ಮಾಡ ಕಟ್ಟೈತಿ ನೋಡವಾ, ಅದನ್ನ ಬಿಚ್ಚಿ ಒಳಗ ಇಟ್ಟುಬಿಡ್ರಿ." ನಮ್ಮ ಮನೆಯವರು, ಮೈದುನ ಇಬ್ಬರೂ ಕೂಡಲೇ ಎದ್ದರು. ಒಂದು ಹಗ್ಗ ಬಿಚ್ಚಿದ್ದರು ಅಷ್ಟೇ. ಇದ್ದಕ್ಕಿದ್ದ ಹಾಗೆ ತಣ್ಣನೆ ಗಾಳಿ ಬೀಸಿತು, ಅದರ ಹಿಂದೆಯೇ ಕೆಂಪು ಧೂಳು. ಆನಿಂಗಿನ ಹೊರಗಿನ ಅಂಚಿಗೆ ಆಸರೆಯಾಗಿದ್ದ ಕಂಬದ ಲಾಕ್ ಜಾರಿ ಒಂದು ಮೂಲೆ ಕೆಳಗಿಳಿಯಿತು, ಇನ್ನೊಂದು ಮೂಲೆ ಮೇಲೆದ್ದಿತು. ಗಾಳಿ ಕೆಳಗಿಂದ ನುಗ್ಗಿ ಇಡೀ ಆನಿಂಗನ್ನು ಕಾರಿನ ಮೇಲೆ ಮಗುಚಿ ಹಾಕಿತು. ಎಡಗಡೆಯ ರೂಫ್ ರೈಲ್ ಪೂರ್ತಿ ಕಿತ್ತು ಬಂತು. ಪೈಪು ಬಡಿದು ಹಿಂದಿನ ಬಾಗಿಲಿನ ಗಾಜು ಪುಡಿಯಾಯಿತು. ಮೈದುನನ ಮುಂಗೈ ಊದಿಕೊಂಡಿತು. ಪುಣ್ಯಕ್ಕೆ ಮಕ್ಕಳು ದೊಡ್ಡಮ್ಮನ ಜೊತೆ ಗುಡಿಸಲಲ್ಲಿದ್ದರು.

ಆಮೇಲೆ ಹನಿ ಶುರುವಾಯಿತು. ಕಾರಿನ ಒಳಗೆ ಕೂತರೆ ತಲೆ ಮೇಲೆ ನೀರು ತೊಟ್ಟಿಕ್ಕುತ್ತಿದೆ! ಟಾರ್ಚ್ ಬಿಟ್ಟು ನೋಡಿದರೆ ಟಾಪಿನ ತಗಡಿನಲ್ಲಿ ಸಾಲಾಗಿ ತೂತು. ರೈಲ್ ಗಟ್ಟಿಯಿಲ್ಲ ಅಂತ ಅಂಗಡಿಯವರಿಗೆ ಗೊತ್ತಿತ್ತು. ಅದಕ್ಕೇ ನಮಗೆ ಹೇಳದೆ ಟಾಪಿಗೇ ಸೆಲ್ಫ್ ಸ್ಕ್ರೂ ಹೊಡೆದು, ಮೇಲೆ ಬ್ರಾಕೆಟ್ ಮುಚ್ಚಿಬಿಟ್ಟಿದ್ದರು. ಗಾಳಿ ಹೇಳಿ ಕೇಳಿ ಬರುವುದಿಲ್ಲ, ಸರಿ. ಆದರೆ ಈ ಸ್ಕ್ರೂಗಳು ಗಾಳಿ ಹೊಡೆದದ್ದಲ್ಲವಲ್ಲ.

ನಮ್ಮ ಕಾರಿನ ರೈಲ್ ಬರೀ ಅಲಂಕಾರದ್ದು. ಪ್ಲಾಸ್ಟಿಕ್ ಕ್ಲಿಪ್ಪು ಮತ್ತು ಅಂಟಿನ ಮೇಲೆ ನಿಂತಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಹೀಗೇ. ಕಣ್ಣಿಗೆ ಅಸಲಿ ರೈಲ್ ಥರವೇ ಕಾಣುತ್ತದೆ. ಕಾರಿನ ಜೊತೆ ಕೊಟ್ಟ ಮ್ಯಾನ್ಯುಯಲ್ ತೆಗೆದು ಟಾಪಿನ ಮೇಲೆ ಎಷ್ಟು ತೂಕ ಹೇರಬಹುದು ಅಂತ ನೋಡಿ. ಹಲವು ಕಾರುಗಳಿಗೆ 50ರಿಂದ 75 ಕೆಜಿ ಅಂತ ಇರುತ್ತದೆ. ಕೆಲವದರಲ್ಲಿ ಈ ರೈಲ್ ಮೇಲೆ ಏನನ್ನೂ ಕಟ್ಟಬೇಡಿ ಅಂತಲೇ ಬರೆದಿರುತ್ತಾರೆ. ಹಾಗೆ ಬರೆದಿದ್ದರೆ ಯಾರು ಏನೇ ಹೇಳಲಿ, ಆನಿಂಗ್ ಆಸೆ ಬಿಟ್ಟುಬಿಡಿ. ಇನ್ನೂ ಒಂದು ವಿಷಯ. ಆ ತೂಕದಲ್ಲಿ ಅಡ್ಡ ಪಟ್ಟಿ, ಬ್ರಾಕೆಟ್, ಆನಿಂಗ್, ಮೇಲಿನ ಸಾಮಾನು ಎಲ್ಲ ಸೇರುತ್ತವೆ. ನಮ್ಮದರಂಥ ಸಾದಾ ಆನಿಂಗೇ ಸುಮಾರು 12ರಿಂದ 15 ಕೆಜಿ ತೂಗುತ್ತದೆ. ಕಾರಿನ ಹಿಂದಕ್ಕೂ ಸುತ್ತಿಕೊಳ್ಳುವ 270 ಡಿಗ್ರಿಯದು 20 ಕೆಜಿ ದಾಟುತ್ತದೆ. ಅದೆಲ್ಲವೂ ಒಂದೇ ಮಗ್ಗುಲಲ್ಲಿ ತೂಗಾಡುತ್ತಿರುತ್ತದೆ ಬೇರೆ.

ಈಗ ಗಾಳಿ ಲೆಕ್ಕಕ್ಕೆ ಬರೋಣ, ನನಗೆ ಕೋಪ ಇರುವುದೇ ಇದರ ಮೇಲೆ. 2 ಮೀಟರಿಗೆ 2.5 ಮೀಟರ್ ಅಂದರೆ 5 ಚದರ ಮೀಟರ್ ಬಟ್ಟೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಇದಕ್ಕೆ ನೇರ ಎದುರು ಬಿದ್ದರೆ ಸುಮಾರು 30 ಕೆಜಿ ಒತ್ತುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ, ಅಂದರೆ 120 ಕೆಜಿ ಮೇಲೆ. ಬೇಸಿಗೆಯ ಗುಡುಗು ಮಳೆ ಬರುವಾಗ ಹವಾಮಾನ ಇಲಾಖೆ '40ರಿಂದ 50 ಕಿ.ಮೀ. ವೇಗದ ಗಾಳಿ' ಅಂತ ಎಚ್ಚರಿಕೆ ಕೊಡುವುದನ್ನು ನೀವೂ ಓದಿರುತ್ತೀರಿ. ನಮ್ಮ ಭಾಗದಲ್ಲಿ ಅದು ಅಪರೂಪವೇನಲ್ಲ. ಗಾಳಿ ಕೆಳಗಿಂದ ನುಗ್ಗಿದಾಗ ಹೊರಗಿನ ಅಂಚು ಮೇಲೇಳುತ್ತದೆ. ಅಷ್ಟು ಉದ್ದದ ತೋಳು ಆ ಪುಟ್ಟ ಬ್ರಾಕೆಟನ್ನು ಹಾರೆ ಹಾಕಿ ಮೀಟಿದ ಹಾಗೆ ಮೀಟುತ್ತದೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಕಾರಿಗೂ ಆನಿಂಗಿಗೂ ಇರುವ ಕೀಲು ಗಟ್ಟಿ ಇಲ್ಲದಿದ್ದರೆ ಮುಗೀತು. ಒಳ್ಳೆ ಬಟ್ಟೆಯಾದರೆ ಹರಿಯುವುದೂ ಇಲ್ಲ, ಕಾರಿನ ಟಾಪನ್ನೇ ಕಿತ್ತುಕೊಂಡು ಹೋಗುತ್ತದೆ.

ಗುಡುಗು ಮೋಡದ ಗಾಳಿ ಮಳೆಗಿಂತ ಮುಂಚೆ ಬರುತ್ತದೆ. ಮೋಡದಿಂದ ಕೆಳಗೆ ಬಿದ್ದ ತಂಪು ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. 'ಹನಿ ಬಿದ್ದ ಮೇಲೆ ಬಿಚ್ಚೋಣ' ಅಂದರೆ ಆಗಲೇ ತಡವಾಗಿರುತ್ತದೆ. ಜಾಹೀರಾತಿನಲ್ಲಿ 'ಅರ್ಧ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ' ಅಂತ ತೋರಿಸುತ್ತಾರೆ. ಮಡಚಲು ಎಷ್ಟು ಹೊತ್ತು ಅಂತ ಕೇಳಿ. ಹಗ್ಗ ಬಿಚ್ಚಿ, ಕಂಬ ಇಳಿಸಿ, ತೋಳು ಮಡಚಿ, ಬಟ್ಟೆ ಸುತ್ತಿ, ಬ್ಯಾಗಿನ ಜಿಪ್ ಎಳೆಯಬೇಕು. ಗಾಳಿ ಇಲ್ಲದಾಗಲೇ ಐದು ನಿಮಿಷ ಬೇಕು. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಇದೆ, ಬಯಲಿಗೆ ಹೋಗುವವರ ಫೋನಿನಲ್ಲಿ ಇರಲಿ. ಗುಡುಗು ಕೇಳಿಸಿದ ಮೇಲೆ ಅಲ್ಯೂಮಿನಿಯಂ ಕಂಬ ಹಿಡಿದು ನಿಲ್ಲುವುದಂತೂ ಬೇಡವೇ ಬೇಡ.

ಮನೆಗೆ ಬಂದ ಮೇಲೆ ಬಟ್ಟೆ ಬಿಚ್ಚಿ ಪಕ್ಕದ ಕಿರಾಣಿ ಅಂಗಡಿ ತಕ್ಕಡಿಗೆ ಹಾಕಿದೆ. ಈ ಪರೀಕ್ಷೆ ಎಲ್ಲರೂ ಮಾಡಬಹುದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ, ಅಷ್ಟೇ. 5 ಚದರ ಮೀಟರಿಗೆ 280ರಂತೆ 1 ಕೆಜಿ 400 ಗ್ರಾಂ ಬರಬೇಕು. ನಮ್ಮದು ಒಂದು ಕೆಜಿಯೂ ತೂಗಲಿಲ್ಲ. ಕ್ಯಾನ್ವಾಸ್ ಅಲ್ಲವೇ ಅಲ್ಲ, ತೆಳು ಪಾಲಿಯೆಸ್ಟರ್. 3000 ಎಂಎಂ ಕಥೆಯೂ ಹಾಗೇ. ಬಟ್ಟೆಯ ಮೇಲೆ 3000 ಮಿಲಿಮೀಟರ್, ಅಂದರೆ 3 ಮೀಟರ್ ಎತ್ತರ ನೀರು ನಿಲ್ಲಿಸಿದರೂ ಸೋರಬಾರದು ಅಂತ ಅದರ ಅರ್ಥ. ಅದು ಬಟ್ಟೆಯ ಮಾತು. ಸೂಜಿ ಚುಚ್ಚಿದ ಹೊಲಿಗೆಗೆ ಒಳಗಿಂದ ಟೇಪ್ ಅಂಟಿಸದಿದ್ದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ನಮ್ಮದಕ್ಕೆ ಟೇಪ್ ಇರಲಿಲ್ಲ.

ಮಳೆ ನೀರಿನ ಭಾರವನ್ನೂ ಯಾರೂ ಹೇಳುವುದಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 10 ಮಿಲಿಮೀಟರ್ ಮಳೆ ಬಿದ್ದು ನೀರು ಹರಿಯದೆ ಬಟ್ಟೆಯ ಮಧ್ಯೆ ನಿಂತರೆ 50 ಕೆಜಿ ಆಯಿತು. ಅದಕ್ಕೇ ಒಂದು ಕಂಬ ಯಾವಾಗಲೂ ತಗ್ಗಾಗಿರಬೇಕು.

ಕಂಬದ ವಿಷಯದಲ್ಲಿ ತಿರುಗಿಸಿ ಬಿಗಿಯುವ ಪ್ಲಾಸ್ಟಿಕ್ ಲಾಕ್ ನಂಬಬೇಡಿ. ಧೂಳು ಹೊಕ್ಕರೆ ಜಾರುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ತೂತಿಗೆ ಗುಂಡಿ ಸಿಕ್ಕಿಕೊಳ್ಳುವ ಥರದ್ದು ಮೇಲು. ಅಂಗಡಿಯಲ್ಲೇ ಕಂಬ ಉದ್ದ ಮಾಡಿ, ಲಾಕ್ ಹಾಕಿ, ಮೈ ಭಾರ ಬಿಟ್ಟು ಒತ್ತಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಜೊತೆಗೆ ಕೊಡುವ ಗೂಟಗಳು ನಮ್ಮ ನೆಲಕ್ಕೆ ಬರುವುದಿಲ್ಲ. ಕೆಂಪು ಮಸಾರಿ ಮಣ್ಣಿನಲ್ಲಿ ಗರಸು ತಗುಲಿ ಬಾಗುತ್ತವೆ. ರಾಯಚೂರು ಕಡೆ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಬಿರುಕಿನ ಪಕ್ಕ ಹೊಡೆದ ಗೂಟ ಹಿಡಿಯುವುದಿಲ್ಲ. ಒಂದು ಮಳೆ ಬಿದ್ದರೆ ಅದೇ ಎರೆ ಮೆತ್ತಗಾಗಿ ಗೂಟ ಸಲೀಸಾಗಿ ಎದ್ದು ಬರುತ್ತದೆ. ಆನೆಗೊಂದಿ ಕಡೆ ಬರೀ ಹಾಸುಬಂಡೆ, ಗೂಟ ಹೊಡೆಯುವ ಮಾತೇ ಇಲ್ಲ. ಅಲ್ಲಿ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರಾಡು ಕತ್ತರಿಸಿ ತಲೆ ಬಗ್ಗಿಸಿಕೊಡಿ ಅಂದರೆ ಮೊಳಕಾಲುದ್ದದ ಗೂಟ ಸಿಗುತ್ತವೆ. ಡಬ್ಬಿಯಲ್ಲಿ ಬಂದ ಗೂಟಗಳನ್ನ ಮಕ್ಕಳ ಆಟಕ್ಕೆ ಕೊಡಬಹುದು ಅಂತಿದ್ದೆ, ಮೊನೆ ಚೂಪಾಗಿದೆ, ಅದೂ ಬೇಡ.

ಯಾವ ಮಗ್ಗುಲಿಗೆ ಹಾಕಿಸಬೇಕು? ಎಡಗಡೆ. ರಸ್ತೆ ಪಕ್ಕ ನಿಲ್ಲಿಸಿದರೆ ಟ್ರಾಫಿಕ್ ಬಲಕ್ಕಿರುತ್ತದೆ. ನೆರಳಿನ ದಿಕ್ಕೂ ನೋಡಬೇಕು. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಆಗ ನೆರಳು ಬಟ್ಟೆಯ ಕೆಳಗೇ ಬೀಳುತ್ತದೆ. ಮೂರೂವರೆ ಹೊತ್ತಿಗೆ ಸೂರ್ಯ ಅರ್ಧ ಇಳಿದಿರುತ್ತಾನೆ, 2 ಮೀಟರ್ ಎತ್ತರದ ಬಟ್ಟೆಯ ನೆರಳು 2 ಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಕಾರನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದರೆ ಎಡ ಮಗ್ಗುಲು ಪೂರ್ವಕ್ಕೆ ಬರುತ್ತದೆ, ಇಳಿಬಿಸಿಲನ್ನು ಕಾರೇ ತಡೆಯುತ್ತದೆ. ಉತ್ತರಕ್ಕೆ ನಿಲ್ಲಿಸಿದರೆ ದುಡ್ಡು ಕೊಟ್ಟು ತಂದ ನೆರಳು ಕಾರಿನ ಮೇಲೆ ಬೀಳುತ್ತದೆ, ಮುಖಕ್ಕೆ ಬಿಸಿಲು.

ಈಗ ನಾವು ಒಯ್ಯುವುದು ಶೇಡ್ ನೆಟ್. ನರ್ಸರಿಗಳಿಗೆ ಹಾಕುವ, ಬಿಸಿಲನ್ನು 75 ಪರ್ಸೆಂಟ್ ತಡೆಯುವ ಹಸಿರು ಬಲೆ, ಗಂಗಾವತಿಯ ಕೃಷಿ ಸಾಮಾನಿನ ಅಂಗಡಿಗಳಲ್ಲೇ ಸಿಗುತ್ತದೆ. ಬಲೆಯಾದ್ದರಿಂದ ಗಾಳಿ ಅಷ್ಟಿಷ್ಟು ಒಳಗಿಂದ ದಾಟಿ ಹೋಗುತ್ತದೆ. ಎರಡು ಬಿದಿರು, ನಾಲ್ಕು ಹಗ್ಗ, ಕಾರಿಗೆ ಏನೂ ಕಟ್ಟುವುದಿಲ್ಲ. ಗಾಳಿ ಜೋರಾದರೆ ಬಿದಿರು ಬೀಳಿಸಿ ಮೇಲೆ ಕಲ್ಲಿಟ್ಟರೆ ಆಯಿತು. ಮಳೆ ತಡೆಯುವುದಿಲ್ಲ, ನಿಜ. ಮಳೆ ಬಂದರೆ ಕಾರಿನೊಳಗೆ ಕೂತರಾಯಿತು. ನೋಡಲೂ ಚೆಂದವಿಲ್ಲ, ಫೋಟೊದಲ್ಲಿ ಈರುಳ್ಳಿ ಒಣಗಿಸಿದ ಹಾಗೆ ಕಾಣುತ್ತದೆ ಅಂತ ಮಗಳ ತಕರಾರು.

ಆನಿಂಗೇ ಬೇಕು ಅನ್ನುವವರು ಒಂದು ಕೆಲಸ ಮಾಡಿ. ಹಾಕಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಕಾರ್ ಕಂಪನಿ ಕೊಡದೆ ನಾವು ಆಮೇಲೆ ಹಾಕಿಸಿದ ಸಾಮಾನು ಪಾಲಿಸಿಯಲ್ಲಿ ನಮೂದಾಗಿರಬೇಕು. ನಮ್ಮ ಸರ್ವೇಯರ್ ಮೊದಲು ಕೇಳಿದ್ದೇ ಅದನ್ನ. ಆನಿಂಗಿಗೆ ಒಂದು ಪೈಸೆ ಇಲ್ಲ ಅಂದರು. ಟಾಪಿಗೆ ತೂತು ಕೊರೆದದ್ದು ಯಾರು ಅಂತ ಅಲ್ಲೊಂದು ಪ್ರಶ್ನೆ ಬೇರೆ ಎದ್ದಿತು.

ಅಂಗಡಿಯವರನ್ನು ಕೇಳಿದರೆ "ಗಾಳಿಗೆ ನಾವೇನ್ ಮಾಡಬೇಕ್ರೀ" ಅಂತಾರೆ. ಮಾರಿದವರು ಫಿಟಿಂಗ್ ಸರಿಯಿಲ್ಲ ಅಂತಾರೆ, ಫಿಟಿಂಗ್‌ನವರು ಮಾಲು ಸರಿಯಿಲ್ಲ ಅಂತಾರೆ. ಡಬ್ಬಿ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ ಇಲ್ಲ. ಹೊರದೇಶದಿಂದ ಬಂದ ಪ್ಯಾಕೆಟ್ ಮಾಲಿನ ಮೇಲೆ ಅದು ಇರಲೇಬೇಕು ಅಂತ ಕಾನೂನಿದೆ. ಇಲ್ಲದಿದ್ದರೆ ವಾಪಸ್ ಕಳಿಸಿ. ಫಿಟಿಂಗ್ ಮಾಡಿಸುವಾಗ ಪಕ್ಕಾ ಬಿಲ್ ತಗೊಳ್ಳಿ, ರೈಲ್ ಮಾದರಿ ಮತ್ತು ಸ್ಕ್ರೂ ಹೊಡೆದಿಲ್ಲ ಅನ್ನುವ ಮಾತು ಅದರ ಮೇಲೆ ಬರೆಸಿಕೊಳ್ಳಿ. ಬ್ರಾಕೆಟ್ ಕೂರಿಸುವ ಮುಂಚೆ, ಕೂರಿಸಿದ ಮೇಲೆ ಫೋಟೊ ತೆಗೆದಿಡಿ.

ನಮ್ಮ ಹಾಗೆ ಸಿಕ್ಕಿಕೊಂಡವರು ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು. ನಾವು ಕೊಪ್ಪಳದಲ್ಲಿ ಕೊಡಲು ಕಾಗದ ಜೋಡಿಸುತ್ತಿದ್ದೇವೆ. ಕಿತ್ತ ರೈಲ್, ಸ್ಕ್ರೂ, ಬಾಗಿದ ಪೈಪು ಎಲ್ಲ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ. ನೀವೂ ಮುರಿದ ಸಾಮಾನು ಗುಜರಿಗೆ ಹಾಕಬೇಡಿ, ಕೇಸು ನಿಲ್ಲುವುದು ಅದರ ಮೇಲೆ.