ಪೇರಲ, ಸೀತಾಫಲ, ದಾಳಿಂಬೆ: ಚಿಕ್ಕ ಮಕ್ಕಳ ಜೊತೆ ಯಾವ ತೋಟಕ್ಕೆ ಹೋಗಬೇಕು?

ಕೊಪ್ಪಳದ ಸುತ್ತಮುತ್ತ ಮಕ್ಕಳನ್ನು ಹಣ್ಣು ಕೀಳಲು ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಪೇರಲ ತೋಟ. ನಮ್ಮ ಜಿಲ್ಲೆಗೆ ಹೆಸರು ತಂದಿದ್ದು ದಾಳಿಂಬೆ, ಕೇಸರ್ ಮಾವು. ಅದು ನಿಜ. ಆದರೆ ಮಕ್ಕಳಿಗೆ ಹಣ್ಣಿನ ಹೆಸರು, ರೇಟು ಕಟ್ಟಿಕೊಂಡು ಏನಾಗಬೇಕು? ಕೈಗೆ ಎಟುಕಬೇಕು, ತಿರುವಿದರೆ ಬರಬೇಕು, ಅಲ್ಲೇ ಕಚ್ಚಿ ತಿನ್ನಬೇಕು. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಇಬ್ಬರನ್ನೂ ಕರೆದುಕೊಂಡು ಬೇರೆ ಬೇರೆ ಸೀಸನ್‌ನಲ್ಲಿ ಈ ತೋಟಗಳಿಗೆಲ್ಲ ಹೋಗಿ ಬಂದ ಮೇಲೆ ಬರೆಯುತ್ತಿದ್ದೇನೆ.

ಅವರು ಮೊದಲು ಕೇಳಿದ್ದು ಆಪಲ್ ಗಿಡ. ಕಾರ್ಟೂನ್ ನೋಡೋ ಮಕ್ಕಳು, ಇನ್ನೇನು ಕೇಳುತ್ತಾರೆ! ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಶಿಮ್ಲಾ, ಕಾಶ್ಮೀರದ ಹಳೆಯ ತಳಿಗಳಿಗಂತೂ ಸಾವಿರ ಗಂಟೆಯ ಹತ್ತಿರ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಸ್ವೆಟರ್ ಬೆಳಿಗ್ಗೆ ಎಂಟಕ್ಕೆ ಬಿಚ್ಚುತ್ತೇವೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಕಡಿಮೆ ಚಳಿ ಸಾಕಾಗುವ ಎಚ್‌ಆರ್‌ಎಂಎನ್-99 ತಳಿ ಬೆಳೆಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದನ್ನು ಬಯಲು ಸೀಮೆಯಲ್ಲೂ ಕೆಲವರು ಹಚ್ಚಿ ನೋಡುತ್ತಿದ್ದಾರೆ. ಆದರೆ ಬುಟ್ಟಿ ಹಿಡಿದು ಹೋಗಿ ತುಂಬಿಸಿಕೊಂಡು ಬರುವಂಥ ತೋಟ ನಮ್ಮ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಇಲ್ಲಿ ಬೆಳೆಯೋದನ್ನೇ ನೋಡೋಣ.

ಪೇರಲದಿಂದ ಶುರು ಮಾಡುತ್ತೇನೆ. ಈಗಿನ ತೋಟಗಳಲ್ಲಿ ತೈವಾನ್ ಪಿಂಕ್ ಅನ್ನೋ ಗುಲಾಬಿ ತಿರುಳಿನ ತಳಿ ಜಾಸ್ತಿ. ಗಿಡಗಳನ್ನು ಒತ್ತೊತ್ತಾಗಿ ಹಚ್ಚಿ, ಆಗಾಗ ತುದಿ ಕತ್ತರಿಸಿ, ಆಳೆತ್ತರಕ್ಕೇ ನಿಲ್ಲಿಸಿರುತ್ತಾರೆ. ಕೆಳಗಿನ ಟೊಂಗೆ ನನ್ನ ಮಗಳ ಮುಖದ ಮಟ್ಟಕ್ಕಿತ್ತು. ಒಂದೊಂದು ಕಾಯಿಗೂ ಮೊದಲು ಬಿಳಿ ಫೋಮ್ ಬಲೆ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಕಟ್ಟಿದ್ದರು. ಹಣ್ಣು ನೊಣ ಕುಟುಕಬಾರದು ಅಂತ ಈ ಏರ್ಪಾಡು. ಮಕ್ಕಳಿಗೆ ಕವರ್ ಬಿಚ್ಚೋದೇ ಅರ್ಧ ಮಜಾ. ಒಳಗೆ ಬೆವರಿದ ಹಾಗೆ ನೀರ ಹನಿ, ಬಲೆಯ ಗುರುತು ಬಿದ್ದ ತಿಳಿ ಹಸಿರು ಸಿಪ್ಪೆ. ಮಗ ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಗಿಡವೇ ಬಾಗಿ ಬಂತು, ಹಣ್ಣು ಬರಲಿಲ್ಲ. ತೋಟದ ಅಜ್ಜ ದೂರದಿಂದಲೇ ಕೂಗಿದರು: "ತಮ್ಮಾ, ಜಗ್ಗಬ್ಯಾಡ, ತಿರುವು!" ತಿರುವಿದ, ಟಕ್ ಅಂತ ಬಂತು. ಆಮೇಲೆ ಅವನನ್ನು ಹಿಡಿಯೋರಿಲ್ಲ.

ಬಿಳಿ ತಿರುಳು ಇಷ್ಟಪಡೋರಿಗೆ ಅಲಹಾಬಾದ್ ಸಫೇದ, ಲಖನೌ-49 ಇರುವ ಹಳೆಯ ತೋಟಗಳೂ ಸಿಗುತ್ತವೆ. ಅಲ್ಲಿ ಗಿಡ ಎತ್ತರ, ಮಕ್ಕಳನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ರುಚಿ ಮಾತ್ರ ನನ್ನ ಪ್ರಕಾರ ಅದರದ್ದೇ ಮೇಲು. ತೈವಾನ್ ಹಣ್ಣು ದೊಡ್ಡದು, ಸಪ್ಪೆ. ಉಪ್ಪು, ಖಾರದಪುಡಿ ಪೊಟ್ಟಣ ಕಟ್ಟಿಕೊಂಡು ಹೋದರೆ ಸರಿಹೋಗುತ್ತದೆ. ಹೋಗಬೇಕಾದ ಹೊತ್ತು ನವೆಂಬರ್ ಕೊನೆಯಿಂದ ಜನವರಿ. ಮಳೆಗಾಲದಲ್ಲೂ ಪೇರಲ ಬರುತ್ತದೆ, ಆದರೆ ನೀರು ನೀರು, ಕವರ್ ಹಾಕದಿದ್ದರೆ ಒಳಗೆ ಹುಳ. ನಾಲ್ಕು ವರ್ಷದ ಮಗು ಕಚ್ಚಿದ ಹಣ್ಣಲ್ಲಿ ಹುಳ ಕಂಡರೆ ಆ ಸೀಸನ್ ಪೂರ್ತಿ ಹಣ್ಣು ಮುಟ್ಟಲ್ಲ, ಬರೆದಿಟ್ಟುಕೊಳ್ಳಿ.

ಸೀತಾಫಲದ ಆಟವೇ ಬೇರೆ. ಇದಕ್ಕೆ ತೋಟ ಅಂತ ಹುಡುಕಬೇಕಿಲ್ಲ. ಕೊಪ್ಪಳ, ಗಂಗಾವತಿ ಕಡೆ ಕಲ್ಲು ಗುಡ್ಡದ ಬುಡದಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬೆಳೆದು ನಿಂತಿರುತ್ತದೆ. ನೀರು ಬೇಡ, ಗೊಬ್ಬರ ಬೇಡ, ಆಡು ಕೂಡ ಎಲೆ ಮುಟ್ಟಲ್ಲ. ನಾವು ಹೋಗಿದ್ದು ನಮ್ಮ ಅತ್ತೆಯ ತವರಿನವರ ಹೊಲಕ್ಕೆ, ದಸರಾ ರಜೆಯಲ್ಲಿ. ಎಣ್ಣೆ, ಅಂದರೆ ಕೀಟನಾಶಕ, ಹೊಡೆಯದ ಹಣ್ಣು ಅನ್ನೋದು ದೊಡ್ಡ ಸಮಾಧಾನ. ಖರ್ಚೂ ಇಲ್ಲ.

ಆದರೆ ಅಲ್ಲೇ ತಿನ್ನೋಕೆ ಆಗಲ್ಲ, ಇದೇ ಇದರ ತೊಂದರೆ. ಗಿಡದಲ್ಲಿ ಹಣ್ಣಾಗಲು ಬಿಟ್ಟರೆ ಹಕ್ಕಿ, ಅಳಿಲು ಬಿಡಲ್ಲ. ಕಾಯಿ ಕಣ್ಣು ಬಿಟ್ಟಾಗ, ಅಂದರೆ ಮೇಲಿನ ಉಬ್ಬುಗಳ ನಡುವಿನ ಗೆರೆ ಅಗಲವಾಗಿ ತಿಳಿ ಹಳದಿ ಕಂಡಾಗ ಕೀಳಬೇಕು. ಮನೆಗೆ ತಂದು ಹುಲ್ಲಿನಲ್ಲೋ ಅಕ್ಕಿ ಡಬ್ಬಿಯಲ್ಲೋ ಇಟ್ಟರೆ ಮೂರು ನಾಲ್ಕು ದಿನಕ್ಕೆ ಹಣ್ಣು. ಕಾಯಿ ಇದ್ದಾಗ ಫ್ರಿಜ್‌ಗೆ ಹಾಕಬೇಡಿ, ಕಪ್ಪಾಗಿ ಕಲ್ಲಾಗುತ್ತದೆ. ಮಗಳಿಗೆ ಈ ಕಾಯೋದು ಅರ್ಥವೇ ಆಗಲಿಲ್ಲ, "ಈಗ್ಲೇ ಕೊಡು" ಅಂತ ದಾರಿಯುದ್ದಕ್ಕೂ ಅಳು. ಮಗನ ಲೆಕ್ಕವೇ ಬೇರೆ. ಕಣ್ಣು ಬಿಟ್ಟಿದ್ದು ಯಾವುದು ಅಂತ ಹುಡುಕೋದೇ ಅವನಿಗೆ ಪತ್ತೇದಾರಿಕೆ. ಮನೆಗೆ ಬಂದ ಮೇಲೂ ಶಾಲೆಯಿಂದ ಬಂದವನೇ ಬ್ಯಾಗ್ ಎಸೆದು ಅಕ್ಕಿ ಡಬ್ಬಿಗೆ ಕೈ ಹಾಕುತ್ತಿದ್ದ. ಆರು ದಾಟಿದ ಮಕ್ಕಳಿದ್ದರೆ ಪೇರಲಕ್ಕಿಂತ ಇದನ್ನೇ ಮೊದಲು ಹೇಳುತ್ತೇನೆ.

ಎರಡು ಎಚ್ಚರಿಕೆ. ಬೀಜ ತೆಗೆದೇ ಚಿಕ್ಕವರಿಗೆ ಕೊಡಿ, ಗಂಟಲಿಗೆ ಸಿಕ್ಕಬಹುದು. ಹೇನಿಗೆ ಅಂತ ಹಿಂದೆ ಇದೇ ಬೀಜ ಅರೆದು ಹಚ್ಚುತ್ತಿದ್ದರು. ಅದು ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು, ಹಾಗಾಗಿ ಮಕ್ಕಳು ಬೀಜ ಕಲ್ಲಲ್ಲಿ ಜಜ್ಜಿ ಆಡದ ಹಾಗೆ ನೋಡಿಕೊಳ್ಳಿ. ಇನ್ನೊಂದು ಕರಡಿ. ನಗಬೇಡಿ! ದರೋಜಿ ಕರಡಿಧಾಮ 1994ರಲ್ಲೇ ಆಗಿದೆ, ಆದರೆ ಕರಡಿಗೆ ಬೇಲಿಯ ಲೆಕ್ಕ ಇಲ್ಲ, ನಮ್ಮ ಗುಡ್ಡಗಳಲ್ಲೂ ಓಡಾಡುತ್ತವೆ. ಸೀತಾಫಲ ಅಂದರೆ ಅವಕ್ಕೂ ಪ್ರಾಣ. ನಸುಕಿನಲ್ಲಿ, ಸಂಜೆ ಹೊತ್ತಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತೋದು ಬೇಡ. ಬದುವಿನ ಗಿಡ ಸಾಕು.

ಇನ್ನು ದಾಳಿಂಬೆ. ನೋಡೋಕೆ ಇದರಷ್ಟು ಚೆಂದದ ತೋಟ ಇಲ್ಲ. ಭಗವಾ ತಳಿಯ ಕೆಂಪು ಹಣ್ಣು ಸಾಲು ಸಾಲಾಗಿ ಜೋತು ಬಿದ್ದಿದ್ದರೆ ದೊಡ್ಡವರಿಗೇ ಕೈ ತಡೆಯಲ್ಲ. ಆದರೆ ಮುಳ್ಳು. ಟೊಂಗೆಯ ತುದಿಯೇ ಮುಳ್ಳಾಗಿರುತ್ತದೆ, ಅದೂ ಮಕ್ಕಳ ಕಣ್ಣಿನ ಮಟ್ಟಕ್ಕೆ. ಹಣ್ಣು ಕೈಯಲ್ಲಿ ಕೀಳೋ ಹಾಗಿಲ್ಲ, ತೊಟ್ಟನ್ನು ಕತ್ತರಿಯಲ್ಲಿ ಕತ್ತರಿಸಬೇಕು. ಆ ಕತ್ತರಿಯನ್ನೂ ಮಾಲೀಕರು ಎಲ್ಲರ ಕೈಗೆ ಕೊಡಲ್ಲ, ಅದು ಸರಿಯೇ. ದುಂಡಾಣು ಅಂಗಮಾರಿ ಅನ್ನೋ ಗಿಡದ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಇಂಥ ಕತ್ತರಿಯಲ್ಲೂ ಹೋಗುತ್ತದೆ. ಆ ರೋಗಕ್ಕೆ ಹೆದರಿ ನಮ್ಮ ಕಡೆ ಎಷ್ಟೋ ಜನ ಗಿಡಗಳನ್ನೇ ಕಿತ್ತು ಹಾಕಿದ್ದಾರೆ. ಎಣ್ಣೆ ಹೊಡೆಯೋದೂ ಜಾಸ್ತಿ. ನಮ್ಮ ಮಕ್ಕಳು ಅಲ್ಲಿ ಮಾಡಿದ್ದು ಒಂದೇ ಕೆಲಸ: ಹಣ್ಣನ್ನು ಬೆರಳಿನಿಂದ ಬಡಿದು ಕೇಳೋದು. ಬಲಿತ ಹಣ್ಣು ಟಣ್ ಅನ್ನುತ್ತದೆ. ಅದು ಮುಗಿದ ಮೇಲೆ "ಮನೆಗೆ ಹೋಗೋಣ" ಶುರು. ಸುಮ್ನೆ ಫೋಟೋಕ್ಕೆ ಅಂತಾದರೆ ಹೋಗಿ, ಕೀಳೋಕೆ ಅಲ್ಲ.

ಮಾವು ಮೇ ತಿಂಗಳ ಮಾತು. ನಲವತ್ತು ಡಿಗ್ರಿ ಬಿಸಿಲು, ಹಣ್ಣು ದೋಟಿಯ ಎತ್ತರದಲ್ಲಿ, ತೊಟ್ಟು ಮುರಿದರೆ ಸೊನೆ. ಮಗಳ ತುಟಿಗೆ ಸೊನೆ ತಾಗಿ ಗುಳ್ಳೆ ಎದ್ದಿತ್ತು. ಅದಕ್ಕಿಂತ ತೋಟಗಾರಿಕೆ ಇಲಾಖೆಯವರು ಕೊಪ್ಪಳದಲ್ಲಿ ಮಾಡುವ ಮಾವು ಮೇಳಕ್ಕೆ ಹೋಗಿ ಕೊಂಡು ತರೋದು ವಾಸಿ. ದ್ರಾಕ್ಷಿ ತೋಟದ ನೆರಳು ಚೆನ್ನ, ಆದರೆ ಗೊಂಚಲು ಮುಟ್ಟಿದರೆ ಮೇಲಿನ ಬಿಳಿ ಪುಡಿ ಹೋಗಿ ರೇಟು ಬೀಳುತ್ತದೆ ಅಂತ ಮಕ್ಕಳನ್ನು ಕಂಡರೇ ಮಾಲೀಕರಿಗೆ ಎದೆ ಢವಢವ.

ಹೋಗುವ ಮುಂಚೆ ಫೋನ್ ಮಾಡಿ ಕೇಳಬೇಕಾದ್ದು ಒಂದೇ: ಕೊನೆಗೆ ಎಣ್ಣೆ ಹೊಡೆದಿದ್ದು ಯಾವಾಗ? ಉತ್ತರ ತಡವರಿಸಿದರೆ ಬೇರೆ ತೋಟ ನೋಡಿ. ಪರಿಚಯದವರು ಇಲ್ಲದಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ, ಯಾರ ತೋಟ ಕಟಾವಿಗೆ ಬಂದಿದೆ ಅಂತ ಅವರಿಗೆ ಅಂದಾಜಿರುತ್ತದೆ. ಬೆಳಿಗ್ಗೆ ಎಂಟಕ್ಕೆ ತೋಟದಲ್ಲಿರಿ, ಹನ್ನೊಂದಕ್ಕೆ ಹೊರಡಿ. ತುಂಬು ತೋಳಿನ ಅಂಗಿ, ಬೂಟು, ಕೈ ತೊಳೆಯಲು ಒಂದು ಕ್ಯಾನ್ ನೀರು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಳ್ಳಿ, ಹೊಟ್ಟೆ ತುಂಬ ಪೇರಲ ತಿಂದರೆ ರಾತ್ರಿ ಹೊಟ್ಟೆನೋವು ಗ್ಯಾರಂಟಿ.

ದುಡ್ಡಿನ ಮಾತು ಒಳಗೆ ಹೋಗುವ ಮುಂಚೆಯೇ ಆಡಿಬಿಡಿ. ತಲೆಗಿಷ್ಟು ಅಂತ ಕೇಳುವವರಿಗಿಂತ ಕಿಲೋ ಲೆಕ್ಕದಲ್ಲಿ ಕೊಡುವವರ ತೋಟ ಮಕ್ಕಳಿಗೆ ಒಳ್ಳೆಯದು, ದುಡ್ಡು ವಸೂಲಾಗಬೇಕು ಅಂತ ನಾವೂ ಅವರ ಬೆನ್ನು ಬೀಳಲ್ಲ. ಹೊರಡುವಾಗ ಅರ್ಧ ಕಚ್ಚಿ ಬಿಟ್ಟ ಹಣ್ಣುಗಳನ್ನೂ ತಕ್ಕಡಿಗೆ ಹಾಕಿಸಿ. ಅಜ್ಜ "ಇರಲಿ ಬಿಡ್ರಿ ಅಕ್ಕಾರ" ಅಂದರೂ ಹಾಕಿಸಿ. ಮುಂದಿನ ಡಿಸೆಂಬರ್‌ಗೆ ಮತ್ತೆ ಅವರಿಗೇ ಫೋನ್ ಮಾಡಬೇಕಲ್ವಾ?