ಪಿಸ್ತೂಲಿಗೆ ಲೇಸರ್ ಹಾಕಿಸುವ ಮುಂಚೆ ಇದನ್ನು ಓದಿ (ಟೆಕ್ಸಸ್ ಕನ್ನಡಿಗರಿಗೆ)

ಮನೆ ರಕ್ಷಣೆಗೆ ಅಂತ ಹೊಸದಾಗಿ ಪಿಸ್ತೂಲು ತಗೊಂಡವರು, ತಗೋಬೇಕು ಅಂತಿರುವವರು ದಯವಿಟ್ಟು ಓದಿ. ಅಂಗಡಿಯವರು "ಇದಕ್ಕೊಂದು ಲೇಸರ್ ಹಾಕಿಸಿಬಿಡಿ" ಅಂದರೆ (ಗುರಿ ಇಟ್ಟ ಕಡೆ ಬೆಳಕಿನ ಚುಕ್ಕಿ ಬಿಡುವ ಸಾಧನ ಅದು) ಒಪ್ಪಬೇಡಿ. ನನ್ನ 280 ಡಾಲರ್ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಆಮೇಲೆ ಅವರು ಆಡಿದ ಮಾತುಗಳಿಗೆ.

ನಮ್ಮವರ ಮನೆಗಳಲ್ಲಿ ಚಿನ್ನ ಇರುತ್ತದೆ ಅಂತ ಇಲ್ಲಿನ ಕಳ್ಳರಿಗೂ ಗೊತ್ತು. ಪಕ್ಕದ ಬೀದಿಯ ಮನೆಗೆ ಕಳ್ಳರು ನುಗ್ಗಿದ ಮೇಲೆ ನನ್ನ ಹೆಂಡತಿಗೆ ರಾತ್ರಿ ನಿದ್ದೆಯೇ ಇಲ್ಲ. ನನಗೆ ಗ್ರೀನ್ ಕಾರ್ಡ್ ಇದೆ. ಗನ್ ಕೊಳ್ಳುವಾಗ ತುಂಬಬೇಕಾದ 4473 ಫಾರ್ಮ್ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ 9 ಎಂಎಂ ಪಿಸ್ತೂಲು ತಗೊಂಡೆ. (ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಈ ಆಸೆ ಬಿಡಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ನಿಮಗೆ ಗನ್ ಇಟ್ಟುಕೊಳ್ಳಲು ಬಿಡುವುದಿಲ್ಲ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಗನ್ ಜೊತೆಗೆ ಒಯ್ಯಲು ಪರ್ಮಿಟ್ ಬೇಡ ಅನ್ನುತ್ತಾರಲ್ಲ, ಅದು ಗನ್ ಇಟ್ಟುಕೊಳ್ಳಲು ಅರ್ಹತೆ ಇರುವವರಿಗೆ ಮಾತ್ರ.)

ಬಿಲ್ ಮಾಡುವ ಹೊತ್ತಿಗೆ ಅಂಗಡಿಯವನು ಲೇಸರ್ ತೆಗೆದು ಗೋಡೆ ಮೇಲೆ ಕೆಂಪು ಚುಕ್ಕಿ ಬಿಟ್ಟು ತೋರಿಸಿದ. "ಕತ್ತಲಲ್ಲಿ ಗನ್ ಮೇಲಿನ ಸೈಟ್ (ಗುರಿ ನೋಡುವ ಗುರುತು) ಹುಡುಕುತ್ತಾ ನಿಲ್ಲುತ್ತೀರಾ? ಚುಕ್ಕಿ ಎಲ್ಲಿದೆಯೋ ಗುಂಡು ಅಲ್ಲಿಗೇ. ಎದೆ ಮೇಲೆ ಚುಕ್ಕಿ ನೋಡಿದರೆ ಕಳ್ಳ ಹಾಗೇ ಓಡಿಹೋಗುತ್ತಾನೆ. ನಿಮ್ಮ ಹಾಗೆ ಕೆಲಸದ ನಡುವೆ ಪ್ರಾಕ್ಟೀಸ್‌ಗೆ ಟೈಮ್ ಇಲ್ಲದವರಿಗೆ ಹೇಳಿಮಾಡಿಸಿದ್ದು." ಚುಕ್ಕಿಯೂ ಗುಂಡೂ ಒಂದೇ ಕಡೆ ಬೀಳುವ ಹಾಗೆ ಹೊಂದಿಸಬೇಕಾ ಅಂತ ಕೇಳಿದೆ. ಬಾಯಿಬಿಟ್ಟು ಕೇಳಿದೆ, ನೆನಪಿರಲಿ. "ಬೇಡ, ಫ್ಯಾಕ್ಟರಿಯಲ್ಲೇ ಹೊಂದಿಸಿ ಬಂದಿದೆ" ಅಂದ. ನಳಿಕೆ ಕೆಳಗಿನ ರೈಲಿಗೆ (ಇಂಥವನ್ನು ಸಿಕ್ಕಿಸುವ ಪಟ್ಟಿ) ಸಿಕ್ಕಿಸಿ, ಸ್ಕ್ರೂ ಬಿಗಿ ಮಾಡಿ ಕೊಟ್ಟ. ಆ ಸ್ಕ್ರೂ ತಿರುಗಿಸಿದ್ದಕ್ಕೂ ಚಾರ್ಜ್ ಹಾಕಿದ್ದಾನೆ!

ರೇಂಜ್‌ನಲ್ಲಿ (ಗುಂಡು ಹೊಡೆಯುವ ಅಭ್ಯಾಸದ ಜಾಗ) 7 ಗಜದಲ್ಲಿ ಟಾರ್ಗೆಟ್ ಇಟ್ಟೆ. ಏಳು ಗಜ ಅಂದರೆ ಒಂದು ದೊಡ್ಡ ಹಾಲ್‌ನ ಉದ್ದ, ಅಷ್ಟೇ. ಚುಕ್ಕಿ ಸರಿಯಾಗಿ ನಡುವೆ ಇದೆ. ತೂತು ಬಿದ್ದಿದ್ದು ಅಂಗೈಯಗಲ ಆಚೆ, ಬಲಗಡೆ ಮೇಲೆ. ಮತ್ತೆ ಹೊಡೆದೆ, ಮತ್ತೆ ಅಲ್ಲೇ. ಜೊತೆಗೆ ಆ ಚುಕ್ಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಕೈ ಒಂದಿಷ್ಟು ನಡುಗಿದರೆ ಅದು ಟಾರ್ಗೆಟ್ ತುಂಬಾ ಓಡಾಡುತ್ತದೆ, ಸೊಳ್ಳೆ ಹಿಂದೆ ಬಿದ್ದ ಹಾಗೆ ನಾವು ಅದರ ಹಿಂದೆ. ನಡುವೆ ಬಂದ ತಕ್ಷಣ ಒತ್ತಿಬಿಡೋಣ ಅಂತ ಟ್ರಿಗರ್ ಜೋರಾಗಿ ಎಳೆಯುತ್ತೇವೆ, ಗುಂಡು ಇನ್ನೆಲ್ಲಿಗೋ ಹೋಗುತ್ತದೆ. ಪಕ್ಕದ ಲೇನ್‌ನವರು ತಿರುಗಿ ನೋಡುತ್ತಿದ್ದರು. ಮುಖ ಬಿಸಿಯಾಯಿತು.

ಅಲ್ಲಿನ ಕೋಚ್ ಒಬ್ಬರು ಬಂದು ಲೇಸರ್ ಆರಿಸಿದರು. "ಫ್ರಂಟ್ ಸೈಟ್ ನೋಡಿ, ನಿಧಾನವಾಗಿ ಒತ್ತಿ" ಅಂದರು. ತೂತುಗಳೆಲ್ಲ ನಡುವೆ, ಹತ್ತಿರ ಹತ್ತಿರ ಬಿದ್ದವು. ಅದೇ ಗನ್, ಅದೇ ಕೈ! ಆ ಕ್ಷಣ ನನಗೆ ಮೋಸ ಆಗಿದೆ ಅಂತ ಗೊತ್ತಾಯಿತು. ನನಗೆ ಬೇಕಾಗಿದ್ದೆಲ್ಲ ಗನ್ ಜೊತೆಗೇ ಬಂದಿತ್ತು.

ಫ್ಯಾಕ್ಟರಿಯಲ್ಲಿ ಹೊಂದಿಸಿದ್ದು ನಿಮ್ಮ ಗನ್‌ಗಲ್ಲ ಅಂತ ಕೋಚ್ ವಿವರಿಸಿದರು. ಪ್ರತಿ ಗನ್‌ಗೂ ಸಣ್ಣ ಅಲೆನ್ ಕೀ ಹಿಡಿದು ಗುಂಡು ಹೊಡೆದು ನೋಡಿ ಹೊಂದಿಸಬೇಕು. ಹೊಂದಿಸಿದರೂ, ಲೇಸರ್ ಕೂತಿರುವುದು ನಳಿಕೆಗಿಂತ ಕೆಳಗೆ. ಅದರ ಗೆರೆಯೂ ಗುಂಡಿನ ದಾರಿಯೂ ಕೂಡುವುದು ನಾವು ಹೊಂದಿಸಿದ ಅಂತರದಲ್ಲಿ. ಅದಕ್ಕಿಂತ ಹತ್ತಿರದಲ್ಲಿ ಗುಂಡು ಚುಕ್ಕಿಗಿಂತ ಸ್ವಲ್ಪ ಮೇಲೆ ಬೀಳುತ್ತದೆ. ಅಗ್ಗದ ಲೇಸರ್ ಆದರೆ ಗುಂಡು ಹಾರಿದಾಗಿನ ಒದೆತಕ್ಕೆ ಮತ್ತೆ ಅಲುಗುತ್ತದೆ. ಬಯಲು ರೇಂಜ್‌ಗೆ ತಗೊಂಡು ಹೋದರೆ ಇನ್ನೂ ಚೆಂದ. ಟೆಕ್ಸಸ್ ಬಿಸಿಲಲ್ಲಿ ಕೆಂಪು ಚುಕ್ಕಿ ಕಾಣಲೇ ಇಲ್ಲ. ಹಸಿರು ಚೆನ್ನಾಗಿ ಕಾಣುತ್ತದಂತೆ, ಅದು ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಇದನ್ನೆಲ್ಲ ಅಂಗಡಿಯವನು ಹೇಳಬೇಕಿತ್ತು ಅಲ್ವಾ? ಮೊದಲು ತಗೊಂಡಿದ್ದ ಗನ್ ಇಡುವ ಚೀಲದಲ್ಲಿ, ಅಂದರೆ ಹೋಲ್‌ಸ್ಟರ್‌ನಲ್ಲಿ ಲೇಸರ್ ಸಮೇತ ಗನ್ ಕೂರುವುದೂ ಇಲ್ಲ. ಅದನ್ನೂ ಹೇಳಲಿಲ್ಲ.

ಈಗ ಅವರ ಉತ್ತರಗಳನ್ನು ಕೇಳಿ. ವಾಪಸ್ ಕೊಡಲು ಹೋದರೆ "ಪ್ಯಾಕೆಟ್ ಒಡೆದಿದೆ, ತಗೊಳ್ಳಲ್ಲ." ಒಡೆದಿದ್ದು ನೀವೇ, ನನ್ನ ಕಣ್ಣೆದುರಿಗೇ ಅಂದೆ. "ಪಾಲಿಸಿ ಬಿಲ್ ಹಿಂದೆ ಇದೆ." ಹೊಂದಿಸುವುದು ಬೇಡ ಅಂದಿರಲ್ಲ ಅಂದೆ. "ಫ್ಯಾಕ್ಟರಿಯಲ್ಲಿ ಹೊಂದಿಸಿದೆ ಅಂದೆ, ನಿಮ್ಮ ಗನ್‌ಗೆ ಅಂದಿಲ್ಲ." ಕೊನೆಗೆ ಅಲ್ಲಿದ್ದ ಗಿರಾಕಿಗಳೆಲ್ಲರ ಮುಂದೆ "ನಿಮಗೆ ಕೈ ನಡುಗುತ್ತದೆ ಅಂತ ಕಾಣುತ್ತೆ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದ. ಪ್ರಾಕ್ಟೀಸ್ ಇಲ್ಲದವರಿಗೇ ಇದು ಅಂತ ಮಾರಿದವನು ಅವನೇ! ಲೇಸರ್ ಕಂಪನಿಗೆ ಇಮೇಲ್ ಮಾಡಿದೆ. ನಿಮ್ಮ ಖರ್ಚಿನಲ್ಲಿ ಕಳಿಸಿ, ಪರೀಕ್ಷೆ ಮಾಡಿ ಹೇಳುತ್ತೇವೆ ಅಂತ ಉತ್ತರ ಬಂತು.

ಚುಕ್ಕಿ ನೋಡಿ ಕಳ್ಳ ಓಡುತ್ತಾನೆ ಅನ್ನುವ ಮಾತಿಗಂತೂ ಮರುಳಾಗಲೇಬೇಡಿ. ಚುಕ್ಕಿ ಬಿಡುವುದು ಅಂದರೆ ಗನ್ ಗುರಿ ಇಡುವುದು. ಕಾರಣವಿಲ್ಲದೆ ಮನುಷ್ಯನ ಕಡೆ ಗುರಿ ಇಟ್ಟರೆ ಟೆಕ್ಸಸ್‌ನಲ್ಲಿ ಅದು ಅಪರಾಧ, ಗುಂಡು ತುಂಬಿರಲಿಲ್ಲ ಅಂದರೂ ಕೇಳುವುದಿಲ್ಲ. ರಾತ್ರಿ ಬಾಗಿಲು ತಟ್ಟಿದವನು ಪಕ್ಕದ ಮನೆಯವನಾಗಿದ್ದರೆ?

ಗನ್ ಕಣ್ಣಿನ ಮಟ್ಟಕ್ಕೆ ಎತ್ತಲಾಗದ ಇಕ್ಕಟ್ಟಿನಲ್ಲಿ, ಮಬ್ಬು ಬೆಳಕಲ್ಲಿ ಲೇಸರ್ ಉಪಯೋಗಕ್ಕೆ ಬರಬಹುದು ಅಂತ ಕೋಚ್ ಹೇಳಿದರು. ಖಾಲಿ ಗನ್‌ನಲ್ಲಿ ಟ್ರಿಗರ್ ಅಭ್ಯಾಸಕ್ಕೂ ಒಳ್ಳೆಯದಂತೆ. ಆಗಲಿ. ಆದರೆ ಸೈಟ್ ನೋಡಿ ಹೊಡೆಯಲು ಬಂದ ಮೇಲೆ. ಆ 280 ಡಾಲರ್ ಗುಂಡಿಗೂ ಕೋಚ್‌ಗೂ ಹಾಕಿ. ಕತ್ತಲಲ್ಲಿ ಎದುರಿಗಿರುವುದು ಯಾರು ಅಂತ ಕಾಣಲು ಒಳ್ಳೆಯ ಟಾರ್ಚ್ ತಗೊಳ್ಳಿ. ಲೇಸರ್ ಬೇಕೇ ಬೇಕು ಅಂದರೆ ರಿಟರ್ನ್ ಪಾಲಿಸಿ ಓದಿ, ನಿಮ್ಮ ಗನ್‌ಗೆ ಹೊಂದಿಸಿ ಕೊಡುತ್ತೇವೆ ಅಂತ ಬಿಲ್ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ. ಬರೆಯಲ್ಲ ಅಂದರೆ ಹೊರಗೆ ಬನ್ನಿ, ಬೇರೆ ಅಂಗಡಿ ಬೇಕಾದಷ್ಟಿವೆ.